ನೀಲಿಗೂಸುಗಳೂ ಮೂವರು ಉಪಕಾರಿಗಳೂ

ತುಟಿಯೆಂದರೆ ತೊಂಡೆಯ ಹಣ್ಣಿನಂತೆ ಕೆಂಪಾಗಿರಬೇಕೆಂಬುದು ನಮ್ಮ ಕಾವ್ಯಗಳ ಸಂಪ್ರದಾಯ. ಆದರೆ ಕೆಲವು ಮಕ್ಕಳ ತುಟಿ ನೇರಳೆಯ ಹಣ್ಣಿನಂತೆ ನೀಲಿಯಾಗಿರುವುದುಂಟು. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಅಂತಹ ಒಬ್ಬ ಬಾಲಕನಿದ್ದನು. ಆಟದ ಬಯಲಿನಲ್ಲಿ ಹತ್ತು ಹೆಜ್ಜೆ ಓಡಿದೊಡನೆ ಮೇಲುಸಿರು ಬಿಡುತ್ತ ಕುಕ್ಕರುಗಾಲಿನಲ್ಲಿ ಕುಳಿತುಬಿಡುವನು. ಸೋಮಾರಿತನವೆಂದು ಬಗೆದು ನಾವು ಅವನನ್ನು ಗದರಿಸಿದುದೂ ಉಂಟು. ಒಂದು ಬೇಸಗೆಯ ರಜೆ ಕಳೆದು ಶಾಲೆ ತೆರೆದಾಗ ಅವನು ಬರಲಿಲ್ಲ. ಹಾಜರಿಯ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ನಾವೇ ಗೆರೆ ಎಳೆಯಬೇಕಾಯಿತು. ಅವನ ರೋಗ ಯಾವುದಿದ್ದಿರಬೇಕೆಂದೂ, ಅದಕ್ಕೆ ಆಗಲೇ ಚಿಕಿತ್ಸೆಯಿದ್ದಿತೆಂದೂ ನಮಗೆ ತಿಳಿದುದು ಬಹುಕಾಲದ ಮೇಲೆ. ಅಂದಿನ ಅಜ್ಞಾನದ ಋಣವನ್ನು ಕಿಂಚಿತ್ತಾದರೂ ತೀರಿಸಿಕೊಳ್ಳುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿರುವೆವು.

ಮೊದಲು ರೋಗದ ಸ್ವರೂಪವನ್ನು ಹೇಳುವೆವು. ಹೃದಯದ ಬಲಭಾಗವು ಶರೀರದಿಂದ ಮರಳಿ ಬಂದ ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸುವುದು. ಅಲ್ಲಿ ಆಮ್ಲಜನಕವನ್ನು ಪಡೆದು ಕೆಂಪೇರಿದ ರಕ್ತವು ಎಡಭಾಗಕ್ಕೆ ಬಂದು ದೇಹಕ್ಕೆಲ್ಲ ಹರಿಯುವುದು. ಫ್ರಾನ್ಸ್ ದೇಶದ ಫಾಲೋ ಎಂಬ ವೈದ್ಯನು 1888ರಲ್ಲಿ ವಿವರಿಸಿದ ಜನ್ಮದೋಷದಲ್ಲಿ ಈ ಏರ್ಪಾಡು ನಾಲ್ಕು ಬಗೆಯಾಗಿ ಕೆಟ್ಟಿರುವುದು. ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟಾಗಿರುವುದು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ರಂಧ್ರವಿರುವುದು. ಮಹಾಧಮನಿಯು ಆ ರಂಧ್ರದ ಮೇಲೆಯೇ ಕವಲೊಡ್ಡಿ ನಿಂತಿರುವುದು. ಬಲಗೋಣೆಯ ಮಾಂಸ ದಪ್ಪವಾಗಿರುವುದು. ಪರಿಣಾಮವಾಗಿ ಶುದ್ಧಿಯಾಗದ ನೀಲಿ ರಕ್ತವೇ ದೇಹದಲ್ಲಿ ಬೆರೆತು ಹರಿಯುವುದು. ಇಂತಹ ಮಗು ಕುಕ್ಕರುಗಾಲಿನಲ್ಲಿ ಕುಳಿತರೆ ಕಾಲಿನ ರಕ್ತನಾಳಗಳು ಅದುಮಿ, ರಕ್ತವು ಶ್ವಾಸಕೋಶದ ಕಡೆಗೆ ತುಸು ಹೆಚ್ಚಾಗಿ ತಿರುಗುವುದು. ನಾವು ಸೋಮಾರಿತನವೆಂದು ಬಗೆದುದು ಆ ಬಾಲಕನು ತಾನೇ ಕಂಡುಕೊಂಡಿದ್ದ ಮದ್ದು!

1944ರವರೆಗೆ ಇದಕ್ಕೆ ಪರಿಹಾರವೇ ಇರಲಿಲ್ಲ. ಆ ಕಾಲದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಹೃದ್ರೋಗ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಹೆಲೆನ್ ಟಾಸಿಗ್ ಎಂಬ ಮಹಿಳೆ. ಅವರ ಕಿವಿ ಮಂದವಾಗಿದ್ದಿತು. ಎದೆಯ ಸದ್ದನ್ನು ಕೇಳಲಾರದೆ, ಮಗುವಿನ ಎದೆಯ ಮೇಲೆ ಅಂಗೈಯಿಟ್ಟು ಹೃದಯದ ಮಿಡಿತವನ್ನು ಅರಿಯುವ ಅಭ್ಯಾಸವನ್ನು ಮಾಡಿಕೊಂಡಿದ್ದರು. ಅವರು ಒಂದು ವಿಶೇಷವನ್ನು ಗಮನಿಸಿದರು. ಗರ್ಭದಲ್ಲಿರುವಾಗ ಶಿಶುವಿಗೆ ಮಹಾಧಮನಿಯನ್ನೂ ಶ್ವಾಸಕೋಶದ ಧಮನಿಯನ್ನೂ ಕೂಡಿಸುವ ಒಂದು ಕಿರುನಾಳವಿದ್ದು, ಹುಟ್ಟಿದ ಬಳಿಕ ಅದು ತಾನಾಗಿಯೇ ಮುಚ್ಚಿಕೊಳ್ಳುವುದು. ಈ ನಾಳವು ತೆರೆದಿರುವವರೆಗೆ ಮಗು ಹೇಗೋ ಬಾಳುವುದು. ಮುಚ್ಚಿದೊಡನೆ ನೀಲಿ ಹೆಚ್ಚಾಗುವುದು. ಹಾಗಾದರೆ ಅಂತಹ ನಾಳವನ್ನು ಶಸ್ತ್ರವೈದ್ಯರೇ ಏಕೆ ನಿರ್ಮಿಸಬಾರದು? ತೂಬು ಕಟ್ಟಿಹೋದ ಗದ್ದೆಗೆ ಪಕ್ಕದ ಕಾಲುವೆಯಿಂದ ಕವಲು ತೋಡಿ ನೀರು ಹಾಯಿಸುವ ರೈತನ ಉಪಾಯವೇ ಇದು.

ಈ ಪ್ರಶ್ನೆಯನ್ನು ಅವರು ಮುಂದಿಟ್ಟುದು ಅದೇ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರಾದ ಆಲ್ಫ್ರೆಡ್ ಬ್ಲೇಲಾಕ್ ಅವರಲ್ಲಿ. ಬ್ಲೇಲಾಕರು ಪ್ರಯೋಗದ ಭಾರವನ್ನು ತಮ್ಮ ಸಹಾಯಕನಾದ ವಿವಿಯನ್ ಥಾಮಸನಿಗೆ ಒಪ್ಪಿಸಿದರು.

ಈ ಥಾಮಸನ ವೃತ್ತಾಂತವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. 1910ರಲ್ಲಿ ಜನಿಸಿದ ಅವನು ಕಪ್ಪು ವರ್ಣದವನು. ಬಡಗಿಯ ಕೆಲಸವನ್ನು ಕಲಿತವನು. ವೈದ್ಯನಾಗಬೇಕೆಂಬ ಹಂಬಲದಿಂದ ಅವನು ಕೂಡಿಟ್ಟಿದ್ದ ಹಣವೆಲ್ಲ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಬ್ಯಾಂಕು ಮುಳುಗಿದುದರಿಂದ ಹೋಯಿತು. 1930ರಲ್ಲಿ ನ್ಯಾಷ್‌ವಿಲ್ ನಗರದಲ್ಲಿ ಬ್ಲೇಲಾಕರ ಪ್ರಯೋಗಶಾಲೆಯನ್ನು ಸೇರಿದನು. ಮಾಡುತ್ತಿದ್ದುದು ಸಂಶೋಧಕನ ಕೆಲಸ. ದಾಖಲೆಯಲ್ಲಿ ಬರೆದಿದ್ದುದು ಜಾಡಮಾಲಿಯ ಹುದ್ದೆ, ಅದರಂತೆಯೇ ಸಂಬಳ. 1941ರಲ್ಲಿ ಬ್ಲೇಲಾಕರೊಡನೆ ಬಾಲ್ಟಿಮೋರಿಗೆ ಬಂದಾಗ, ಬಿಳಿಯ ಕೋಟನ್ನು ತೊಟ್ಟು ನಡೆಯುವ ಕಪ್ಪು ಮನುಷ್ಯನನ್ನು ಆಸ್ಪತ್ರೆಯ ಜನ ನಿಂತು ನೋಡುತ್ತಿದ್ದರಂತೆ.

ಥಾಮಸನು ಮೊದಲು ನಾಯಿಗಳಲ್ಲಿ ಆ ರೋಗದಂತಹ ಸ್ಥಿತಿಯನ್ನು ಉಂಟುಮಾಡಿ, ಬಳಿಕ ಅದನ್ನು ಸರಿಪಡಿಸುವ ಮಾರ್ಗವನ್ನು ಹುಡುಕಿದನು. ಈ ಪ್ರಯೋಗಗಳು ಸುಮಾರು 200 ನಾಯಿಗಳ ಮೇಲೆ ನಡೆದವು. ಆ ಮೂಕಪ್ರಾಣಿಗಳ ಋಣವನ್ನೂ ನಾವು ಮರೆಯಲಾಗದು. ಎಳೆಯ ರಕ್ತನಾಳಗಳನ್ನು ಹೊಲಿಯುವುದಕ್ಕೆ ತಕ್ಕ ಸೂಜಿಗಳನ್ನೂ ಹಿಡಿಕೆಗಳನ್ನೂ ಅವನೇ ಅಣಿಗೊಳಿಸಿದನು.

1944ನೆಯ ನವೆಂಬರ್ 29ರಂದು ಹದಿನೈದು ತಿಂಗಳ ಒಂದು ಹೆಣ್ಣು ಮಗುವನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಿದರು. ಅದರ ತೂಕ ಸುಮಾರು 4 ಕಿಲೋ ಮಾತ್ರ. ಬ್ಲೇಲಾಕರು ಈ ಕ್ರಮವನ್ನು ಅದುವರೆಗೆ ನಾಯಿಯ ಮೇಲೆ ಒಂದೇ ಬಾರಿ, ಅದೂ ಥಾಮಸನಿಗೆ ನೆರವಾಗುತ್ತ ಮಾಡಿದ್ದರು. ಆದುದರಿಂದ ಥಾಮಸನನ್ನು ಕರೆಯಿಸಿ ತಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಂಡರು. ಅವನು ಒಂದು ಮೆಟ್ಟಿಲುಮಣೆಯ ಮೇಲೆ ನಿಂತು, ಹೆಗಲ ಮೇಲಿಂದ ಬಗ್ಗಿ ನೋಡುತ್ತ, ಹೊಲಿಗೆ ಎತ್ತ ಸಾಗಬೇಕೆಂಬುದನ್ನು ಸೂಚಿಸುತ್ತಿದ್ದನು. ಎಡತೋಳಿಗೆ ಹೋಗುವ ಧಮನಿಯನ್ನು ತಿರುಗಿಸಿ ಶ್ವಾಸಕೋಶದ ಧಮನಿಗೆ ಕೂಡಿಸಿದರು. ಮಗು ಚೇತರಿಸಿಕೊಂಡಿತು, ಆದರೆ ಎರಡನೆಯ ಹುಟ್ಟುಹಬ್ಬ ಬರುವ ಮುನ್ನವೇ ತೀರಿಕೊಂಡಿತು. 1945ರ ಫೆಬ್ರವರಿಯಲ್ಲಿ ಮತ್ತೆ ಇಬ್ಬರು ಮಕ್ಕಳಿಗೆ ಈ ಚಿಕಿತ್ಸೆ ನಡೆಯಿತು. ಅವರಲ್ಲಿ ಆರು ವರ್ಷದ ಬಾಲಕನ ತುಟಿಯ ನೀಲಿ ಮೇಜಿನ ಮೇಲೆಯೇ ಕರಗಿ ಕೆಂಪು ಮೂಡಿತು. ಸುದ್ದಿ ಹರಡಿ, ದೇಶದೇಶಗಳಿಂದ ತಾಯಿತಂದೆಗಳು ನೀಲಿಗೂಸುಗಳನ್ನು ಎತ್ತಿಕೊಂಡು ಬಾಲ್ಟಿಮೋರಿಗೆ ಬಂದರು.

1945ರ ಮೇ ತಿಂಗಳಲ್ಲಿ ಈ ಚಿಕಿತ್ಸೆಯ ವರದಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಮೇಲಿದ್ದುದು ಬ್ಲೇಲಾಕ್ ಮತ್ತು ಟಾಸಿಗ್ ಎಂಬ ಎರಡೇ ಹೆಸರುಗಳು. ಏಕಲವ್ಯನ ಕಥೆಯನ್ನು ಮಕ್ಕಳಿಗೆ ವರ್ಷವರ್ಷವೂ ಹೇಳಿದ ನಮಗೆ ಇಲ್ಲಿ ಅವನ ನೆನಪಾಗದೆ ಇರದು. ಥಾಮಸನ ಬೆರಳನ್ನು ಯಾರೂ ಕೇಳಲಿಲ್ಲ, ನಿಜ. ಆ ಬೆರಳುಗಳಿಂದ ಕಾಲಾಂತರದಲ್ಲಿ ಎಷ್ಟೋ ಮಂದಿ ಶಸ್ತ್ರವೈದ್ಯರು ವಿದ್ಯೆ ಕಲಿತರು. ಅಷ್ಟಾದರೂ ಸಂಬಳ ಸಾಲದೆ ಅವನು ಬ್ಲೇಲಾಕರ ಮನೆಯ ಔತಣಗಳಲ್ಲಿ ಪಾನೀಯ ಹಂಚಿದುದುಂಟು. 1971ರಲ್ಲಿ ಅವನಲ್ಲಿ ಕಲಿತ ವೈದ್ಯರೇ ಅವನ ಭಾವಚಿತ್ರವನ್ನು ಬರೆಯಿಸಿ ಆಸ್ಪತ್ರೆಗೆ ಒಪ್ಪಿಸಿದರು. 1976ರಲ್ಲಿ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನು ಕೊಟ್ಟಿತು. 1985ರಲ್ಲಿ ಅವನು ದಿವಂಗತನಾದನು. ಇಂದು ಅನೇಕರು ಆ ಚಿಕಿತ್ಸೆಯನ್ನು ಮೂವರ ಹೆಸರಿನಿಂದಲೂ ಕರೆಯುತ್ತಿರುವರು.

1954ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಲಿಲ್ಲೆಹೈ ಎಂಬ ಶಸ್ತ್ರವೈದ್ಯರು ಹೃದಯವನ್ನೇ ತೆರೆದು ಈ ದೋಷವನ್ನು ಪೂರ್ಣವಾಗಿ ಸರಿಪಡಿಸಿದರು. ಈಗ ಸಾಮಾನ್ಯವಾಗಿ ಶೈಶವದಲ್ಲಿಯೇ ಆ ಚಿಕಿತ್ಸೆಯನ್ನು ಮಾಡುವರು. ಚಿಕಿತ್ಸೆ ಪಡೆದ ಮಕ್ಕಳಲ್ಲಿ ಹೆಚ್ಚಿನವರು ಬೆಳೆದು ದೊಡ್ಡವರಾಗುವರು. ನಮ್ಮ ದೇಶದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳ ಮಕ್ಕಳನ್ನು ಪರೀಕ್ಷಿಸುವ ವ್ಯವಸ್ಥೆಯುಂಟು. ಅದು ನೋಡುವ ಜನ್ಮದೋಷಗಳಲ್ಲಿ ಹೃದಯದ ದೋಷವೂ ಸೇರಿದೆ.

ಗೃಹಸ್ಥರಲ್ಲಿ ನಮ್ಮ ವಿನಂತಿ ಇಷ್ಟೆ. ನಮ್ಮ ಮೈಬಣ್ಣದಲ್ಲಿ ನೀಲಿ ಸುಲಭವಾಗಿ ಕಾಣದು. ಆದುದರಿಂದ ಮಗುವಿನ ತುಟಿ, ನಾಲಗೆ, ಒಸಡುಗಳನ್ನು ಬೆಳಕಿನಲ್ಲಿ ನೋಡಿರಿ. ಹಾಲು ಕುಡಿಯುವಾಗ ಏದುಸಿರು, ಅತ್ತಾಗ ನೀಲಿಗಟ್ಟುವುದು, ಬೆರಳ ತುದಿ ದಪ್ಪಗಾಗಿ ಉಗುರು ಉಬ್ಬುವುದು, ಆಡುತ್ತಾಡುತ್ತ ಕುಕ್ಕರಿಸುವುದು, ಇವನ್ನು ಕಂಡರೆ ದೃಷ್ಟಿ ತಾಗಿತೆಂದು ನಿವಾಳಿಸಿ ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಉಪಾಧ್ಯಾಯರಾಗಿರುವವರು, ಓಡಲಾರದ ಮಗುವನ್ನು ಗದರಿಸುವುದಕ್ಕೆ ಮೊದಲು ಅದರ ತುಟಿಯನ್ನೊಮ್ಮೆ ನೋಡಿರಿ. ನಾವು ನೋಡಲಿಲ್ಲ.