ಡಿಕ್ರಿ ಹಣ ಪಾವತಿಯ ನಂತರ ಸ್ಥಿರಾಸ್ತಿಯ ಮೇಲಿನ ಜಪ್ತಿ ತೆರವು

ಹಣ ವಸೂಲಾತಿಯ ದಾವೆಯು ಡಿಕ್ರಿಯಾದ ನಂತರ, ಡಿಕ್ರಿದಾರರ ಅಮಲ್ಜಾರಿ ಅರ್ಜಿಯ ಮೇರೆಗೆ ನ್ಯಾಯಾಲಯವು ಋಣಿಯ ಜಮೀನು ಅಥವಾ ನಿವೇಶನವನ್ನು ಜಪ್ತಿ ಮಾಡಿ ಹರಾಜಿಗೆ ಆದೇಶಿಸಬಹುದಾಗಿದೆ. ಡಿಕ್ರಿದಾರರಿಗೆ ಹಣ ನೀಡಿದ ಮಾತ್ರಕ್ಕೆ ಜಪ್ತಿ ತೆರವಾಗುವುದಿಲ್ಲ. ಸದರಿ ಪಾವತಿಯು ನ್ಯಾಯಾಲಯದಲ್ಲಿ ದಾಖಲಾಗತಕ್ಕದ್ದು.

1. ಪಾವತಿಯ ವಿಧಾನ
ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 21ನೇ ಆದೇಶದ ಮೇರೆಗೆ ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಮಾಡಬಹುದು. ಅಥವಾ ಬ್ಯಾಂಕಿನ ಮೂಲಕ ಇಲ್ಲವೇ ಲಿಖಿತ ಪುರಾವೆ ದೊರೆಯುವ ಬೇರೆ ವಿಧಾನದಲ್ಲಿ ಡಿಕ್ರಿದಾರರಿಗೆ ಸಂದಾಯ ಮಾಡಬಹುದು.

2. ಕಾಲಮಿತಿ
ನ್ಯಾಯಾಲಯದ ಹೊರಗೆ ಪಾವತಿಸಿದ್ದಲ್ಲಿ, ಪಾವತಿಯ ದಿನಾಂಕದಿಂದ 30 ದಿನಗಳೊಳಗೆ ಅದನ್ನು ದಾಖಲಿಸಿಕೊಳ್ಳುವಂತೆ ಋಣಿಯು ಅಮಲ್ಜಾರಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಈ ಅರ್ಜಿಯ ವಿಳಂಬವನ್ನು ಕಾಲಪರಿಮಿತಿ ಅಧಿನಿಯಮ, 1963ರ 5ನೇ ಪ್ರಕರಣದಡಿ ಮನ್ನಿಸಲು ಅವಕಾಶವಿಲ್ಲ. ದಾಖಲಾಗದ ಪಾವತಿಯನ್ನು ಅಮಲ್ಜಾರಿ ನ್ಯಾಯಾಲಯವು ಪರಿಗಣಿಸುವುದಿಲ್ಲ.

ಉದಾಹರಣೆಗೆ, ರೈತರೊಬ್ಬರು ಊರಿನ ಹಿರಿಯರ ಸಮಕ್ಷಮದಲ್ಲಿ ನಗದು ನೀಡಿ ರಸೀದಿ ಪಡೆಯದೇ ಇದ್ದು, ಡಿಕ್ರಿದಾರರೂ ಪಾವತಿಯನ್ನು ಒಪ್ಪದಿದ್ದಲ್ಲಿ, ಹಿರಿಯರ ಬಾಯಿಮಾತಿನ ಸಾಕ್ಷ್ಯವೊಂದರಿಂದಲೇ ಪಾವತಿ ದಾಖಲಾಗದು. ಹಣ ತೆತ್ತ ನಂತರವೂ ಜಮೀನು ಹರಾಜಾಗುವ ಸಂಭವವಿರುತ್ತದೆ.

3. ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು
ಅ) ಪಾವತಿಯ ವಿವರವುಳ್ಳ ಪ್ರಮಾಣ ಪತ್ರ
ಆ) ರಸೀದಿ ಅಥವಾ ಬ್ಯಾಂಕಿನ ದಾಖಲೆ
ಇ) ಡಿಕ್ರಿ ಮತ್ತು ಜಪ್ತಿ ಆದೇಶದ ಪ್ರತಿಗಳು

4. ಜಪ್ತಿ ತೆರವು
ಡಿಕ್ರಿಯ ಮೊತ್ತ, ದಾವೆಯ ಖರ್ಚು ಹಾಗೂ ಜಪ್ತಿಯ ವೆಚ್ಚಗಳು ನ್ಯಾಯಾಲಯಕ್ಕೆ ಸಂದಾಯವಾದಾಗ, ಡಿಕ್ರಿ ಪೂರ್ಣವಾಗಿ ತೀರಿದ್ದು ನ್ಯಾಯಾಲಯದಲ್ಲಿ ದಾಖಲಾದಾಗ ಅಥವಾ ಡಿಕ್ರಿಯೇ ರದ್ದಾದಾಗ ಜಪ್ತಿಯನ್ನು ಹಿಂಪಡೆದಂತೆ ಭಾವಿಸಲಾಗುತ್ತದೆ. ಋಣಿಯು ಇಚ್ಛಿಸಿದಲ್ಲಿ ಸ್ವಂತ ವೆಚ್ಚದಲ್ಲಿ ಇದನ್ನು ಸಾರ್ವಜನಿಕವಾಗಿ ಘೋಷಿಸಿಕೊಳ್ಳಬಹುದು. ಪಹಣಿಯಲ್ಲಿ ಜಪ್ತಿ ನಮೂದಾಗಿದ್ದಲ್ಲಿ, ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿಯೊಂದಿಗೆ ತಾಲ್ಲೂಕು ಕಚೇರಿಗೆ ಅರ್ಜಿ ಸಲ್ಲಿಸಿ, ನಮೂದು ತೆಗೆದಿರುವುದನ್ನು ಹೊಸ ಪಹಣಿಯಲ್ಲಿ ಪರಿಶೀಲಿಸಿಕೊಳ್ಳುವುದು ಸೂಕ್ತ.

5. ಹರಾಜು ಆಗಿದ್ದಲ್ಲಿ
ಹರಾಜಾದ ದಿನದಿಂದ 60 ದಿನಗಳೊಳಗೆ, ಹರಾಜು ಘೋಷಣೆಯಲ್ಲಿ ಕಾಣಿಸಿದ ವಸೂಲಾತಿ ಮೊತ್ತವನ್ನೂ, ಖರೀದಿದಾರರಿಗಾಗಿ ಖರೀದಿ ಹಣದ ಶೇ. 5ರಷ್ಟನ್ನೂ ಠೇವಣಿ ಮಾಡಿ ಹರಾಜು ರದ್ದುಪಡಿಸಲು ಕೋರಬಹುದು. ಘೋಷಣೆಯ ನಂತರ ಡಿಕ್ರಿದಾರರು ಸ್ವೀಕರಿಸಿದ ಹಣವನ್ನು ಸದರಿ ಮೊತ್ತದಲ್ಲಿ ಕಳೆಯಲಾಗುತ್ತದೆ.

6. ಉಚಿತ ಕಾನೂನು ನೆರವು
ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ವಿಕಲಚೇತನರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವನ್ನು ಉಚಿತವಾಗಿ ಪಡೆಯಬಹುದಾಗಿದೆ.