ಕೀಲಿಮಣೆ ಮೇಲೆದ್ದಾಗ ಅರ್ಜಿ ಎಲ್ಲಿ ಹೋಗುತ್ತದೆ?

ಮೊಬೈಲಿನಲ್ಲಿ ಅರ್ಜಿ ತುಂಬುವುದು ಈಗ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸುತ್ತಿನ ಹಳ್ಳಿಗಳಲ್ಲೂ ದಿನನಿತ್ಯದ ಕೆಲಸವಾಗಿದೆ. ಹೆಸರು ಬರೆಯುವ ಚೌಕದ ಮೇಲೆ ಬೆರಳಿಟ್ಟ ಕೂಡಲೆ ಪರದೆಯ ಕೆಳಗಿನಿಂದ ಅಕ್ಷರಗಳ ಮಣೆಯೊಂದು ಮೇಲೆದ್ದು ಬರುತ್ತದೆ. ಅದೇ ಕೀಬೋರ್ಡು, ಅಂದರೆ ಕೀಲಿಮಣೆ. ಅದು ಬಂತೆಂದರೆ ಪರದೆಯ ದೊಡ್ಡ ಪಾಲು ಮುಚ್ಚಿತೆಂದೇ ಅರ್ಥ. ಬರೆಯುವ ಚೌಕವೇ ಅದರ ಅಡಿಗೆ ಸಿಕ್ಕರೆ ಏನು ಬರೆಯುತ್ತಿದ್ದೇವೆಂಬುದು ಕಾಣುವುದಿಲ್ಲ. ‘ಸಲ್ಲಿಸು’ ಎಂಬ ಗುಂಡಿ ಅಡಿಗೆ ಸಿಕ್ಕರೆ ಅರ್ಜಿ ಮುಗಿಯುವುದೇ ಇಲ್ಲ. ಆಗ ನಮ್ಮ ಹಿರಿಯರು, ‘ನನಗ ಇದೆಲ್ಲಾ ಬರೂದಿಲ್ಲ, ತಮ್ಮಾ, ನೀನ ತುಂಬು’ ಎಂದು ಫೋನನ್ನು ಮೊಮ್ಮಗನ ಕೈಗೆ ಕೊಟ್ಟುಬಿಡುತ್ತಾರೆ. ನಿಜವಾಗಿ ತಪ್ಪು ಅವರದಲ್ಲ. ತಪ್ಪು ಆ ಅರ್ಜಿಯ ಪುಟವನ್ನು ಜೋಡಿಸಿದವರದು. ಅದು ಹೇಗೆ ಎಂಬುದನ್ನು ಇಂದು ತಿಳಿಯೋಣ.

ಮೊದಲು ಒಂದು ಮಾತು ಗಮನಿಸಿ. ನಾವು ತೆರೆದ ಆ್ಯಪ್ ಬೇರೆ, ಅದರಲ್ಲಿ ಮೇಲೆದ್ದು ಬರುವ ಕೀಲಿಮಣೆ ಬೇರೆ. ಎರಡನ್ನೂ ಬೇರೆ ಬೇರೆಯವರು ಮಾಡಿರುತ್ತಾರೆ. ಕೀಲಿಮಣೆ ಮನೆಗೆ ಬಂದ ಅತಿಥಿಯಿದ್ದಂತೆ. ಎಷ್ಟು ಜಾಗ ಬೇಡುತ್ತದೆಂದು ಆ್ಯಪಿಗೆ ಮುಂಚೆ ಗೊತ್ತಿರುವುದಿಲ್ಲ. ಅಂಕಿ ಬರೆಯುವ ಮಣೆ ಒಂದು ಎತ್ತರ, ಅಕ್ಷರದ ಮಣೆ ಇನ್ನೊಂದು ಎತ್ತರ. ಅದರ ನೆತ್ತಿಯ ಮೇಲೆ ‘ಈ ಶಬ್ದವೋ, ಆ ಶಬ್ದವೋ’ ಎಂದು ಕೇಳುವ ಪಟ್ಟಿ ಬೇರೆ. ನಮ್ಮಂಥ ಗಡಿಯ ಜನ ಗೋಳದ ಚಿತ್ರವಿರುವ ಗುಂಡಿ ಒತ್ತಿ ಮರಾಠಿಯಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹೋಗುತ್ತಿರುತ್ತೇವೆ. ಹಾಗೆ ಹೋದಾಗ ಅರ್ಜಿಯ ನಡುವೆಯೇ ಮಣೆಯ ಎತ್ತರ ಬದಲಾಗಬಹುದು. ಇಂಗ್ಲಿಷ್ ಮಣೆಯೊಂದರಲ್ಲೇ ಪರೀಕ್ಷೆ ಮಾಡಿ ‘ಸರಿಯಾಗಿದೆ’ ಎಂದವನ ಆ್ಯಪು ನಮ್ಮ ಕೈಯಲ್ಲಿ ಎಡವುವುದು ಇಲ್ಲಿಯೇ.

ಹಾಗಾದರೆ ಆ್ಯಪ್ ಏನು ಮಾಡಬೇಕು? ನಮ್ಮ ಶಿರೋಳ ತಾಲ್ಲೂಕಿನ ನರಸೋಬಾವಾಡಿಯನ್ನು ನೆನೆಯಿರಿ. ಕೃಷ್ಣಾ ಪಂಚಗಂಗಾ ಸಂಗಮದಲ್ಲಿ ಮಳೆಗಾಲಕ್ಕೆ ನೀರೇರಿ ದತ್ತನ ಗುಡಿಯೊಳಕ್ಕೆ ಬರುತ್ತದೆ. ಆಗ ಉತ್ಸವಮೂರ್ತಿಯನ್ನು ಮೇಲಿನ ಜಾಗಕ್ಕೆ ಒಯ್ದು ಪೂಜೆ ನಡೆಸುತ್ತಾರೆ. ನೀರಿಳಿದ ಮೇಲೆ ಮೊದಲಿನ ಸ್ಥಳಕ್ಕೆ ತರುತ್ತಾರೆ. ಗುಡಿಯನ್ನು ಯಾರೂ ಎತ್ತುವುದಿಲ್ಲ, ಮುಖ್ಯವಾದದ್ದನ್ನು ನೀರಿನ ಮೇಲಕ್ಕೆ ತರುತ್ತಾರೆ. ಕೀಲಿಮಣೆಯೂ ಕೆಳಗಿನಿಂದೇರುವ ನೀರು. ಅದನ್ನು ಎದುರಿಸಲು ಆ್ಯಪಿಗೆ ಮೂರು ದಾರಿಗಳಿವೆ.

ಒಂದನೆಯದು, ಏನೂ ಮಾಡದೆ ಇರುವುದು. ಕೆಳಗಿದ್ದದ್ದು ಮುಳುಗುತ್ತದೆ. ಎರಡನೆಯದು, ಇಡೀ ಪುಟವನ್ನು ಮೇಲಕ್ಕೆ ತಳ್ಳುವುದು. ಆಗ ಬರೆಯುವ ಚೌಕ ಕಾಣುತ್ತದೆ, ಆದರೆ ಅರ್ಜಿಯ ತಲೆಬರಹವೂ ಮೇಲಿನ ಚೌಕಗಳೂ ಪರದೆಯ ಆಚೆ ಹೋಗುತ್ತವೆ. ಮೂರನೆಯದು, ಉಳಿದ ಜಾಗಕ್ಕೆ ತಕ್ಕಂತೆ ಪುಟವನ್ನೇ ಕುಗ್ಗಿಸಿ, ಬೆರಳಿನಿಂದ ಮೇಲೆ ಕೆಳಗೆ ಸರಿಸಲು ಬರುವಂತೆ ಮಾಡುವುದು. ಅರ್ಜಿಗಳಿಗೆ ಈ ಮೂರನೆಯದೇ ಒಳ್ಳೆಯದು. ಆಂಡ್ರಾಯ್ಡ್ ಫೋನುಗಳ ಆ್ಯಪ್ ಬರೆಯುವವರು ಈ ಮೂರಕ್ಕೆ ಕ್ರಮವಾಗಿ ‘ಅಡ್ಜಸ್ಟ್ ನಥಿಂಗ್’, ‘ಅಡ್ಜಸ್ಟ್ ಪ್ಯಾನ್’, ‘ಅಡ್ಜಸ್ಟ್ ರೀಸೈಜ್’ ಎನ್ನುತ್ತಾರೆ.

ಬಹಳ ದಿನ ಆ ಒಂದು ಸಾಲು ಬರೆದರೆ ಕೆಲಸವಾಗುತ್ತಿತ್ತು. ಈಗ ಅಷ್ಟು ಸಾಲದು. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ, ಕೀಲಿಮಣೆ ಈ ಕ್ಷಣ ಎಷ್ಟು ಎತ್ತರಕ್ಕೆ ಏರಿದೆ ಎಂಬುದನ್ನು ಫೋನು ಆ್ಯಪಿಗೆ ಅಳತೆ ಸಮೇತ ತಿಳಿಸುತ್ತದೆ. 2024ರ ಆಂಡ್ರಾಯ್ಡ್ 15ಕ್ಕೆಂದು ಸಿದ್ಧಪಡಿಸಿದ ಆ್ಯಪುಗಳ ಪುಟ ಪರದೆಯ ಅಂಚಿನಿಂದ ಅಂಚಿಗೆ ಹರಡುತ್ತದೆ. ಆದ್ದರಿಂದ ಆ ಅಳತೆಯನ್ನು ಕೇಳಿಸಿಕೊಂಡು ಜಾಗ ಬಿಡುವ ಹೊಣೆ ಆ್ಯಪಿನದೇ ಆಗಿದೆ. ಐಫೋನಿನಲ್ಲಿ ಮೊದಲಿನಿಂದಲೂ ಕೀಲಿಮಣೆ ಪುಟದ ಮೇಲೆಯೇ ಬಂದು ಕೂಡುತ್ತದೆ. ‘ಬರುತ್ತಿದ್ದೇನೆ’ ಎಂದು ಅದು ಕೊಡುವ ಸೂಚನೆಯನ್ನು ಹಿಡಿದು ಆ್ಯಪ್ ಸರಿದುಕೊಳ್ಳಬೇಕು. 2021ರ ಐಓಎಸ್ 15ರಿಂದ, ಕೀಲಿಮಣೆಯ ಮೇಲಂಚಿಗೆ ಗುಂಡಿಯನ್ನು ಕಟ್ಟಿಬಿಡುವ ಸುಲಭ ವ್ಯವಸ್ಥೆಯೂ ಇದೆ. ಮಣೆ ಏರಿದಂತೆ ಗುಂಡಿಯೂ ಏರುತ್ತದೆ, ಇಳಿದಂತೆ ಇಳಿಯುತ್ತದೆ.

ಆ್ಯಪ್ ಇಲ್ಲದೆ ಕ್ರೋಮಿನಲ್ಲಿ ಜಾಲತಾಣ ತೆರೆದು ಅರ್ಜಿ ತುಂಬುವವರೂ ಇದ್ದಾರೆ. 2022ರ ಕೊನೆಗೆ ಬಂದ ಕ್ರೋಮ್ 108ರಿಂದ, ಆಂಡ್ರಾಯ್ಡಿನಲ್ಲಿ ಕೀಲಿಮಣೆ ಬಂದರೂ ಜಾಲಪುಟ ತಾನಾಗಿ ಕುಗ್ಗುವುದಿಲ್ಲ. ಪುಟದ ತಳಕ್ಕೆ ಅಂಟಿಸಿದ ಗುಂಡಿ ಮಣೆಯ ಅಡಿಯಲ್ಲೇ ಉಳಿಯುತ್ತದೆ. ಕುಗ್ಗಬೇಕೆಂದರೆ ಪುಟ ಮಾಡುವವರು ಹಾಗೆಂದು ಬರೆದಿಡಬೇಕು.

‘ಒಂದು ಗುಂಡಿ ಕಾಣದಿದ್ದರೆ ಏನು ಮಹಾ?’ ಎಂದು ಯಾರಾದರೂ ಕೇಳಬಹುದು. ರೈತರ ಉದಾಹರಣೆಯನ್ನೇ ನೋಡಿ. ಮಹಾರಾಷ್ಟ್ರದಲ್ಲಿ 2021ರ ಆಗಸ್ಟ್ 15ರಿಂದ ಇ-ಪೀಕ ಪಾಹಣಿ ಬಂದು, ರೈತ ತನ್ನ ಬೆಳೆಯನ್ನು ಹೊಲದಲ್ಲಿ ನಿಂತು ತಾನೇ ಫೋನಿನಲ್ಲಿ ದಾಖಲಿಸುವಂತಾಯಿತು. ಅದು ಸಾತಬಾರಾ ಉತಾರಕ್ಕೆ ಸೇರುತ್ತದೆ. ಗಡಿಯಾಚೆ ಕರ್ನಾಟಕದಲ್ಲಿಯೂ 2020ರಿಂದ ರೈತರೇ ಬೆಳೆ ಸಮೀಕ್ಷೆಯ ಆ್ಯಪ್ ತುಂಬತೊಡಗಿದರು. ಎರಡೂ ಕಡೆ ಹೊಲವಿದ್ದವರು ಇಲ್ಲಿ ಮರಾಠಿ, ಅಲ್ಲಿ ಕನ್ನಡ ಓದಬೇಕು. ಇಂಥ ಯಾವುದೇ ಅರ್ಜಿಯಲ್ಲಿ ಕ್ಷೇತ್ರ ಬರೆಯುವ ಚೌಕ ಬರುತ್ತದೆ. ಒಂದು ಎಕರೆಗೆ 40 ಗುಂಟೆ, ಹೆಕ್ಟೇರಿನ ಲೆಕ್ಕದಲ್ಲಿ ಸುಮಾರು 0.40. ಚೌಕ ಮಣೆಯ ಅಡಿಗೆ ಮುಚ್ಚಿರುವಾಗ ಕಾಣದೆ 0.04 ಎಂದು ಒತ್ತಿಬಿಟ್ಟರೆ? ಎಕರೆ ಕಬ್ಬು ದಾಖಲೆಯಲ್ಲಿ ನಾಲ್ಕೇ ಗುಂಟೆ! ಮುಂದೆ ಮಹಾಪೂರ ಬಂದು ಬೆಳೆ ಹೋದರೆ, ಪರಿಹಾರ ಕೇಳುವಾಗ ಆಧಾರವಾಗುವುದು ಇಂಥ ದಾಖಲೆಯೇ. ಕಾಣದ ಒಂದು ಸೊನ್ನೆ 36 ಗುಂಟೆಯನ್ನು ನುಂಗಬಲ್ಲದು.

ಆದ್ದರಿಂದ ನಾವು ಮಾಡಬಹುದಾದದ್ದು ಇಷ್ಟು. ಚೌಕ ಮುಚ್ಚಿಹೋದರೆ ಮೊದಲು ಪುಟವನ್ನು ಬೆರಳಿನಿಂದ ಮೇಲಕ್ಕೆ ಸರಿಸಿ ನೋಡಿ. ಸರಿಯದಿದ್ದರೆ, ಆಂಡ್ರಾಯ್ಡ್ ಫೋನಿನಲ್ಲಿ ಹಿಂದೆ ಹೋಗುವ ಗುಂಡಿಯನ್ನು ಒಂದೇ ಸಲ ಒತ್ತಿ, ಮಣೆ ಇಳಿಯುತ್ತದೆ. ಅವಸರದಲ್ಲಿ ಎರಡು ಸಲ ಒತ್ತಿದರೆ ಅರ್ಜಿಯಿಂದಲೇ ಹೊರಬಿದ್ದೀರಿ, ಬರೆದದ್ದೂ ಹೋದೀತು. ಐಫೋನಿನಲ್ಲಿ ಪುಟದ ಖಾಲಿ ಜಾಗ ಮುಟ್ಟಿ ನೋಡಿ. ಫೋನನ್ನು ಅಡ್ಡ ಹಿಡಿಯಬೇಡಿ, ಅಡ್ಡ ಹಿಡಿದರೆ ಉಳಿಯುವ ಜಾಗ ಇನ್ನೂ ಕಡಿಮೆ. ಗೂಗಲ್ಲಿನ ಜಿಬೋರ್ಡಿನಂಥ ಕೀಲಿಮಣೆಗಳ ಸೆಟ್ಟಿಂಗಿನಲ್ಲಿ ಮಣೆಯ ಎತ್ತರ ತಗ್ಗಿಸಲು ಬರುತ್ತದೆ, ಒಮ್ಮೆ ತಗ್ಗಿಸಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದದ್ದು, ಸಲ್ಲಿಸುವ ಮೊದಲು ಮಣೆಯನ್ನು ಇಳಿಸಿ, ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿ. ಕೈಬರಹದ ಅರ್ಜಿಗೆ ಸಹಿ ಹಾಕುವ ಮುಂಚೆ ಓದುವುದಿಲ್ಲವೆ, ಹಾಗೆ.

ಇನ್ನು ಕೊಲ್ಹಾಪುರ, ಇಚಲಕರಂಜಿಗಳಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ನೀವು ಆ್ಯಪ್ ಮಾಡಿದಾಗ ಕನ್ನಡದ ಮಣೆ, ಮರಾಠಿಯ ಮಣೆ, ಅಂಕಿಯ ಮಣೆ ಮೂರನ್ನೂ ಏರಿಸಿ ಇಳಿಸಿ ನೋಡಿ. ಸಣ್ಣ ಪರದೆಯ ಅಗ್ಗದ ಫೋನಿನಲ್ಲಿ, ಅಕ್ಷರ ದೊಡ್ಡದು ಮಾಡಿ ನೋಡಿ. ಬರೆಯುವ ಚೌಕ ಕಾಣುತ್ತದೆಯೆ, ಕೊನೆಯ ಗುಂಡಿ ಬೆರಳಿಗೆ ಸಿಗುತ್ತದೆಯೆ, ಮಣೆ ಇಳಿದ ಮೇಲೆ ಪುಟ ಮೊದಲಿನಂತೆ ನಿಲ್ಲುತ್ತದೆಯೆ, ಈ ಮೂರನ್ನು ಕೇಳಿಕೊಳ್ಳಿ. ಬಳಿಕ ಆ ಫೋನನ್ನು ನಿಮ್ಮ ಅಜ್ಜನ ಕೈಗೆ ಕೊಡಿ. ಅವರು ಯಾರನ್ನೂ ಕರೆಯದೆ ತಮ್ಮ ಹೆಸರು ಬರೆದು ಮುಗಿಸಿದರೆ, ನಿಮ್ಮ ಆ್ಯಪ್ ಪಾಸಾಯಿತೆಂದು ತಿಳಿಯಿರಿ.