ತಂತ್ರಾಂಶದ ಕೆಲಸಕ್ಕೆ ಯಾವ ಪದ್ಧತಿ? – ಸದಸ್ಯರ ಗಮನಕ್ಕೆ ಒಂದು ವಿವರಣೆ



ನಮ್ಮ ಸಂಘದ ಸದಸ್ಯರ ದಾಖಲೆ ಇಂದಿಗೂ ರಿಜಿಸ್ಟರ್ ಪುಸ್ತಕಗಳಲ್ಲೇ ಇದೆ. ವಾಲ್ಪಾರೈಗೆ ಒಂದು, ಪೊಳ್ಳಾಚಿಗೆ ಒಂದು, ಉಡುಮಲೈಗೆ ಒಂದು, ತಿರುಪ್ಪೂರಿಗೆ ಒಂದು. ಎಸ್ಟೇಟಿನ ಕೆಲಸದಿಂದ ನಿವೃತ್ತರಾಗಿ ಬೆಟ್ಟ ಇಳಿದವರ ಹೊಸ ವಿಳಾಸ ಒಂದರಲ್ಲಿದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ಇವನ್ನೆಲ್ಲ ಒಂದು ತಂತ್ರಾಂಶಕ್ಕೆ ತರುವುದಾಗಿ ಕೊಯಮತ್ತೂರು, ಬೆಂಗಳೂರುಗಳಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಮಕ್ಕಳು ಆರು ಮಂದಿ ಮುಂದೆ ಬಂದಿದ್ದಾರೆ. ಸಂಬಳವಿಲ್ಲದ ಕೆಲಸ, ಭಾನುವಾರದ ಬಿಡುವು ಮಾತ್ರ. ಅವರು ಸಮಿತಿಗೆ ಕೇಳಿದ ಮೊದಲ ಪ್ರಶ್ನೆ, "ಯಾವ ಪದ್ಧತಿಯಲ್ಲಿ ಮಾಡೋಣ?" ಎಂದು. ಕೆಲಸ ಮಾಡುವುದಕ್ಕೆ ಪದ್ಧತಿ ಯಾಕೆ ಎಂದು ಕೆಲವು ಹಿರಿಯರು ಕೇಳಿದ್ದರಿಂದ ಈ ವಿವರಣೆ.

ಮೊದಲನೆಯದು 'ವಾಟರ್‌ಫಾಲ್', ಅಂದರೆ ಜಲಪಾತ ಪದ್ಧತಿ. ಬೇಕಾದುದನ್ನೆಲ್ಲ ಮೊದಲೇ ಬರೆದುಕೊಳ್ಳುವುದು, ನಕ್ಷೆ ತಯಾರಿಸುವುದು, ತಂತ್ರಾಂಶ ಬರೆಯುವುದು, ಪರೀಕ್ಷಿಸುವುದು, ಕೊನೆಗೆ ಒಪ್ಪಿಸುವುದು. ಒಂದು ಹಂತ ಮುಗಿದ ಮೇಲೆ ಮುಂದಿನದು. ನಮ್ಮ ಶೋಲಯಾರ್ ಅಣೆಕಟ್ಟನ್ನು ನೆನೆದರೆ ಇದು ಅರ್ಥವಾಗುತ್ತದೆ. ಅರ್ಧ ಕಟ್ಟಿದ ಮೇಲೆ ಅಣೆಕಟ್ಟಿನ ಜಾಗ ಬದಲಿಸಲು ಆಗುವುದಿಲ್ಲ; ಅಲ್ಲಿ ಎಲ್ಲವೂ ಮೊದಲೇ ತೀರ್ಮಾನವಾಗಬೇಕು. ತಂತ್ರಾಂಶ ಹಾಗಲ್ಲ. ಬಳಸಲು ಆರಂಭಿಸಿದ ಮೇಲೆಯೇ ಏನು ಬೇಕಿತ್ತು ಎಂಬುದು ಹೊಳೆಯುತ್ತದೆ. ಈ ಹಂತಗಳನ್ನು 1970ರಲ್ಲಿ ಲೇಖನವೊಂದರಲ್ಲಿ ವಿವರಿಸಿದ ಅಮೆರಿಕದ ವಿನ್‌ಸ್ಟನ್ ರಾಯ್ಸ್ ಅವರೇ, ಒಂದೇ ಸಲಕ್ಕೆ ಮೇಲಿನಿಂದ ಕೆಳಕ್ಕೆ ಹೋಗುವುದು ಅಪಾಯಕಾರಿ ಎಂದು ಎಚ್ಚರಿಸಿದ್ದರು.

ಎರಡನೆಯದು 'ಸ್ಕ್ರಮ್'. ಇದನ್ನು ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ 1995ರಲ್ಲಿ ಮಂಡಿಸಿದರು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಹೊರಡಿಸಿದ 'ಅಜೈಲ್' ಘೋಷಣೆಗೆ ಸಹಿ ಹಾಕಿದವರಲ್ಲಿ ಇವರಿಬ್ಬರೂ ಇದ್ದರು. ಕೆಲಸವನ್ನು ಒಂದು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಸುತ್ತುಗಳಾಗಿ ಮಾಡಿಕೊಳ್ಳುವುದು, ದಿನಕ್ಕೆ 15 ನಿಮಿಷ ತಂಡ ಸೇರುವುದು, ಪ್ರತಿ ಸುತ್ತಿನ ಕೊನೆಯಲ್ಲಿ ಬಳಸಬಹುದಾದ ಒಂದು ಭಾಗವನ್ನು ತೋರಿಸುವುದು ಇದರ ಕ್ರಮ. ತಂಡದಲ್ಲಿ ಸಾಮಾನ್ಯವಾಗಿ ಹತ್ತಕ್ಕಿಂತ ಹೆಚ್ಚು ಜನ ಇರುವುದಿಲ್ಲ. ಚಹಾ ತೋಟದಲ್ಲಿ ಚಿಗುರು ಕೀಳುವ ಸುತ್ತಿನಂತೆಯೇ ಇದು. ಇಡೀ ವರ್ಷದ ಎಲೆಯನ್ನು ಒಂದೇ ಸಲ ಯಾರೂ ಕೀಳುವುದಿಲ್ಲ. ಸುತ್ತು ಮುಗಿದಾಗ ಗಿಡ ನೋಡಿ, ಮಳೆ ನೋಡಿ, ಮುಂದಿನ ಸುತ್ತು ಗೊತ್ತುಮಾಡುತ್ತಾರೆ.

ಮೂರನೆಯದು 'ಕಾನ್‌ಬಾನ್'. ಜಪಾನಿ ಭಾಷೆಯಲ್ಲಿ ಇದಕ್ಕೆ ಸೂಚನಾ ಫಲಕ ಎಂದು ಅರ್ಥ. ಟೊಯೋಟಾ ಕಾರು ಕಾರ್ಖಾನೆಯಲ್ಲಿ ತಾಯಿಚಿ ಓನೊ ರೂಪಿಸಿದ ಕ್ರಮವಿದು. ಸಾಫ್ಟ್‌ವೇರಿನವರು ಆಮೇಲೆ ಅಳವಡಿಸಿಕೊಂಡರು. ಒಂದು ಹಲಗೆಯಲ್ಲಿ 'ಮಾಡಬೇಕಾದದ್ದು', 'ನಡೆಯುತ್ತಿರುವುದು', 'ಮುಗಿದದ್ದು' ಎಂದು ಮೂರು ಕಲಂ ಎಳೆದು ಒಂದೊಂದು ಕೆಲಸಕ್ಕೂ ಒಂದೊಂದು ಚೀಟಿ ಅಂಟಿಸುತ್ತಾರೆ. ನಡುವಿನ ಕಲಂನಲ್ಲಿ ಇಷ್ಟೇ ಚೀಟಿ ಇರಬೇಕು ಎಂದು ಮಿತಿ ಇರುತ್ತದೆ. ಒಂದು ಮುಗಿಯದೆ ಹೊಸದು ಒಳಗೆ ಬರುವಂತಿಲ್ಲ. ಚಹಾ ಕಾರ್ಖಾನೆ ಕಂಡವರಿಗೆ ಇದರ ಗುಟ್ಟು ಗೊತ್ತು. ಎಲೆಯನ್ನು ಬಾಡಿಸಿ, ಹೊಸೆದು, ಹುದುಗಿಸಿ, ಒಣಗಿಸಿ, ವಿಂಗಡಿಸಬೇಕು. ಬಾಡಿಸುವ ತೊಟ್ಟಿಗೆ ಹಿಡಿಯುವುದಕ್ಕಿಂತ ಹೆಚ್ಚು ಎಲೆ ಸುರಿದರೆ ಚಹಾ ಹೆಚ್ಚಾಗುವುದಿಲ್ಲ, ಎಲೆ ಕೆಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತೇ ಇಲ್ಲಿನ ನಿಯಮ.

ನಮ್ಮ ನಾಡಿನದೇ ಒಂದು ಉದಾಹರಣೆ ಕರ್ನಾಟಕದ 'ಭೂಮಿ' ಯೋಜನೆ. ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಕೆಲಸವದು. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ್ದು. ಪಹಣಿಯಲ್ಲಿ ಏನಿರಬೇಕು ಎಂಬುದು ಕಾನೂನಿನಿಂದಲೇ ನಿಗದಿಯಾಗಿತ್ತು. ಆದರೆ ಜಾರಿ ಮಾಡುವಾಗ ಎಲ್ಲ ಕಡೆ ಒಟ್ಟಿಗೆ ಆರಂಭಿಸಲಿಲ್ಲ. ಮೊದಲು ಕೆಲವು ತಾಲ್ಲೂಕುಗಳಲ್ಲಿ ನಡೆಸಿ ನೋಡಿ, ಆಮೇಲೆ ಅಂದಿನ 177 ತಾಲ್ಲೂಕುಗಳಿಗೆ ವಿಸ್ತರಿಸಿದರು. ಕಂಪ್ಯೂಟರ್ ಪಹಣಿ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ನಿಲ್ಲಿಸಿದರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು ಎಂಬ ಕಟ್ಟುಪಾಡನ್ನು ತಂತ್ರಾಂಶದೊಳಗೇ ಇಟ್ಟರು. ಸ್ಥಿರವಾದದ್ದನ್ನು ಮೊದಲೇ ಗೊತ್ತುಮಾಡಿಕೊಂಡು, ಉಳಿದದ್ದನ್ನು ಹಂತಹಂತವಾಗಿ ಕಲಿಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಪದ್ಧತಿ ಯಾವುದಾದರೂ ಮಾಡುವವರು ಮನುಷ್ಯರೇ. ಐಬಿಎಂ ಸಂಸ್ಥೆಯಲ್ಲಿ ದೊಡ್ಡ ತಂಡ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಮಾತಿದೆ: ತಡವಾಗಿರುವ ತಂತ್ರಾಂಶದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಹೊಸಬರಿಗೆ ಹಳಬರೇ ಕಲಿಸಬೇಕು, ಮಾತುಕತೆಯೂ ಹೆಚ್ಚುತ್ತದೆ. ಐವರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಸಂಪರ್ಕ 10. ಹತ್ತು ಜನರಾದರೆ ಅದು 45. ನಮ್ಮ ಮಕ್ಕಳಲ್ಲಿ ಈಗ ತಂಡದ ಮುಖ್ಯಸ್ಥರಾಗಿರುವವರೂ ಇದ್ದಾರೆ. ರಾತ್ರಿ ಹತ್ತಕ್ಕೂ ಫೋನಿನಲ್ಲಿದ್ದಾರೆ ಎಂದು ಮನೆಯವರು ಬೇಸರಪಡುವ ಮುನ್ನ ಈ ಲೆಕ್ಕವನ್ನೂ ನೆನೆಯಬೇಕು.

ಈಗ ನಮ್ಮ ಕೆಲಸದ ಮಾತು. ವಾಟರ್‌ಫಾಲ್ ನಮಗೆ ಹೊಂದುವುದಿಲ್ಲ. ನಾಲ್ಕೂ ಊರಿನವರ ಅಗತ್ಯ ಇಂದೇ ಪೂರ್ತಿ ತಿಳಿದಿಲ್ಲ. ಸ್ಕ್ರಮ್‌ನ ದಿನದ ಸಭೆ ವಾರಕ್ಕೊಂದು ದಿನ ಸಿಗುವವರಿಗೆ ಆಗುವ ಮಾತಲ್ಲ. ಆದ್ದರಿಂದ ಕಾನ್‌ಬಾನ್ ಹಲಗೆ ಇಟ್ಟುಕೊಳ್ಳುವುದು, ಒಮ್ಮೆಗೆ ಮೂರೇ ಚೀಟಿ ನಡೆಸುವುದು, ತಿಂಗಳಿಗೊಮ್ಮೆ ಆದಷ್ಟನ್ನು ಸಮಿತಿಗೆ ತೋರಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಮೊದಲು ವಾಲ್ಪಾರೈ ಪುಸ್ತಕ ಮಾತ್ರ ಏರಿಸಿ, ತಪ್ಪು ತಿದ್ದಿ, ಆಮೇಲೆ ಮಿಕ್ಕ ಊರುಗಳಿಗೆ ಹೋಗೋಣ. ಎರಡು ವಿಷಯ ಮಾತ್ರ ಮೊದಲೇ ತೀರ್ಮಾನವಾಗಬೇಕು: ಸದಸ್ಯರ ಯಾವ ವಿವರ ದಾಖಲಿಸಬೇಕು, ಅವರ ದೂರವಾಣಿ ಸಂಖ್ಯೆಯನ್ನು ಯಾರು ನೋಡಬಹುದು.

ಸದಸ್ಯರಲ್ಲಿ ಒಂದು ಕಳಕಳಿಯ ವಿನಂತಿ. ಹೊಸ ಬೇಡಿಕೆ ಇದ್ದರೆ ಹುಡುಗರಿಗೆ ನೇರವಾಗಿ ಫೋನ್ ಮಾಡಬೇಡಿ. ಊರಿನ ಪ್ರತಿನಿಧಿಗೆ ಬರೆದುಕೊಡಿ, ಅದು ಚೀಟಿಯಾಗಿ ಸರದಿಗೆ ಸೇರುತ್ತದೆ. ಎಲ್ಲರೂ ಎಲ್ಲವನ್ನೂ ಈಗಲೇ ಕೇಳಿದರೆ ಬಿಡುವಿನ ಹೊತ್ತು ಕೊಟ್ಟವರು ಬೇಸತ್ತು ಕೈಬಿಟ್ಟಾರು, ಪಟ್ಟಿ ಪುಸ್ತಕದಲ್ಲೇ ಉಳಿದೀತು. ಮುಂದಿನ ಸಮಿತಿ ಸಭೆಯಲ್ಲಿ ಈ ವಿಷಯ ತೀರ್ಮಾನಕ್ಕೆ ಬರಲಿದೆ. ಅದಕ್ಕೆ ಮುನ್ನ ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ